ಶಾಸಕರಿಗೊಂದು ಬಹಿರಂಗ ಪತ್ರ: ನಮ್ಮಪ್ಪನ ಕಾಗದ ವಾಪಸ್ ಕೊಡಿಸಿ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಹಾಸನ ಜಿಲ್ಲೆಯವಳು, ನಿಮ್ಮದೇ ಕ್ಷೇತ್ರದ ವೋಟರ್. ಅರ್ಜಿ ಉದ್ದ ಇದ್ರೆ ಸಾಹೇಬ್ರು ಮೊದಲ್ನೇ ಪ್ಯಾರಾ ದಾಟಿ ಓದಲ್ಲ ಅಂತ ನಿಮ್ಮ ಪಿಎ ಹೇಳಿದಾರೆ, ಅದಕ್ಕೆ ಮೊದ್ಲೇ ಹೇಳ್ಬಿಡ್ತೀನಿ. ನಮ್ಮಪ್ಪ 1971ರ ಯುದ್ಧದಲ್ಲಿದ್ದಾಗ ಮನೆಗೆ ಬರೆದ ಕಾಗದಗಳು ನಮಗೆ ವಾಪಸ್ ಬೇಕು. ದುಡ್ಡು ಕೇಳ್ತಿಲ್ಲ, ಸೈಟು ಕೇಳ್ತಿಲ್ಲ, ಮಾಜಿ ಸೈನಿಕರ ಕೋಟಾದಲ್ಲಿ ಜಮೀನಿಗೆ ಅಂತ ಅಪ್ಪ ಹಾಕಿದ್ದ ಅರ್ಜಿ ಯಾವ ಬೀರುವಿನಲ್ಲಿ ಮಲಗಿದೆಯೋ ಅದರ ವಿಷ್ಯನೂ ಎತ್ತಲ್ಲ, ಅರ್ಜಿ ಹಾಕಿದವರೇ ಹೋಗಿಬಿಟ್ರು. ಕಾಗದ ವಾಪಸ್ ಕೊಡಿಸಿ, ಅಷ್ಟೇ.

ಮರೆತಿರ್ತೀರ, ನೆನಪು ಮಾಡ್ತೀನಿ. ಯುದ್ಧಕ್ಕೆ ಐವತ್ತು ವರ್ಷ ತುಂಬ್ತು ಅಂತ ನಮ್ಮ ಕಡೆ ಒಂದು ಪ್ರದರ್ಶನ ಇಟ್ಟಿದ್ರಲ್ಲ, ಸೈನಿಕರ ಮೆಡಲ್ಲು, ಯೂನಿಫಾರ್ಮು, ಫೋಟೋ, ಕಾಗದ ಎಲ್ಲ. ಅದನ್ನ ಮಾಡಿದ ಕಚೇರಿ ಹೆಸ್ರು ಇಲ್ಲಿ ಹಾಕಲ್ಲ, ರಿಬ್ಬನ್ ಕಟ್ ಮಾಡಿದ್ದು ನೀವೇ, ನಿಮಗೆ ಗೊತ್ತು. ಅದಕ್ಕೆ ಮುಂಚೆ ಆ ಕಚೇರಿಯಿಂದ ಇಬ್ರು ಮನೆಗೆ ಬಂದು, ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಕಾಫಿ ಕುಡ್ದು, ಒಂದು ವಾರ ಅಷ್ಟೇ ಅಜ್ಜಿ, ನಾವೇ ತಂದುಕೊಡ್ತೀವಿ ಅಂತ ಹೇಳಿ ಅಪ್ಪನ ಮಿಲಿಟರಿ ಟ್ರಂಕಿಂದ ಕಾಗದದ ಕಟ್ಟು ತಗೊಂಡು ಹೋದ್ರು. ಅರ್ಧ ಹಾಳೆ ಮೇಲೆ ರಸೀದಿ ಕೊಟ್ಟಿದಾರೆ: ‘ಹಳೆಯ ಪತ್ರಗಳು, ಒಂದು ಕಟ್ಟು, ಸ್ವೀಕರಿಸಲಾಗಿದೆ’. ಸೀಲಿದೆ, ಸಹಿ ಇದೆ. ಈ ‘ಒಂದು ಕಟ್ಟು’ ಅನ್ನೋದನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಫೋಟೋ ತೆಗ್ದು ಇಟ್ಕೊಂಡು ಕೊಡ್ಬೇಕಿತ್ತು ಅಂತ ಈಗ ಎಲ್ರೂ ಬುದ್ಧಿ ಹೇಳ್ತಾರೆ. ಯಾಕ್ರೀ? ಸರ್ಕಾರದವರು ಸೀಲು ಹೊಡ್ದು ತಗೊಂಡು ಹೋಗೋವಾಗ ಕಳ್ಳನ ಕೈಗೆ ಕೊಟ್ಟಂಗೆ ಲೆಕ್ಕ ಇಟ್ಕೊಂಡು ಕೊಡ್ಬೇಕಾ?

ಅವತ್ತು ಸ್ಟೇಜ್ ಮೇಲೆ ನೀವು ಅಪ್ಪನ ಒಂದು ಕಾಗದ ಕೈಲಿ ಹಿಡ್ಕೊಂಡು ಮಾತಾಡಿದ್ರಿ. ನನ್ನ ಕೊನೆಯ ರಕ್ತದ ಹನಿ ತಾಯ್ನಾಡಿಗೆ ಅಂತ ಈ ವೀರಯೋಧ ಬರೆದಿದ್ದಾನೆ ಅಂದ್ರಿ, ದನಿ ಬೇರೆ ನಡುಗಿಸಿದ್ರಿ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಸಾರ್, ನಾನು ಎರಡನೇ ಸಾಲಲ್ಲಿ ಕೂತಿದ್ದೆ. ನಮ್ಮಪ್ಪ ಅಂಥ ಮಾತು ಯಾವ ಕಾಗದದಲ್ಲೂ ಬರ್ದಿಲ್ಲ. ನಿಮ್ಮ ಕೈಲಿದ್ದ ಕಾಗದದಲ್ಲಿ ಇದ್ದಿದ್ದು ಕಣದ ಕೆಲಸ ಮುಗೀತಾ, ರಾಗಿ ಎಷ್ಟು ಪಲ್ಲ ಆಯ್ತು, ಎಂಒ ಕೈಗೆ ಬಂತಾ, ಕುಂಟ್ತಿದ್ದ ಎತ್ತಿಗೆ ವಾಸಿ ಆಯ್ತಾ, ಇಷ್ಟೇ. ಇರೋದನ್ನ ಇರೋ ಹಂಗೆ ಓದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?

ಹಳೇ ಇನ್‌ಲ್ಯಾಂಡ್ ಲೆಟರ್ ತಾನೇ ಮೇಡಂ, ಅದಕ್ಯಾಕೆ ಇಷ್ಟೊಂದು ಅಂತ ಆ ಕಚೇರೀಲಿ ನನ್ನ ಮುಖಕ್ಕೇ ಅಂದಿದಾರೆ. ಅದಕ್ಕೆ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಅಪ್ಪ ಇದ್ದಿದ್ದು ಎಂಇಜಿಲಿ, ಮದ್ರಾಸ್ ಸ್ಯಾಪರ್ಸ್ ಅಂತಾರಲ್ಲ, ಸೇತುವೆ ಕಟ್ಟೋದು, ಮೈನ್ ತೆಗೆಯೋದು ಮಾಡೋ ಸೈನ್ಯದ ಇಂಜಿನಿಯರ್ ದಳ, ಬೆಂಗಳೂರಲ್ಲಿ ಹಲಸೂರು ಕೆರೆ ಹತ್ರ ಅವರ ಸೆಂಟರ್. 1971ರ ಡಿಸೆಂಬರ್ 3ಕ್ಕೆ ಯುದ್ಧ ಶುರು ಆದಾಗ ಅಪ್ಪ ಶಕರ್‌ಗಢ ಸೆಕ್ಟರಲ್ಲಿ, ಪಾಕಿಸ್ತಾನದ ಪಂಜಾಬ್ ಗಡಿ. ಮನೆಯವರಿಗೆ ಇದ್ಯಾವ್ದೂ ಗೊತ್ತಿಲ್ಲ. ಎಲ್ಲಿದೀನಿ ಅಂತ ಬರೆಯೋ ಹಾಗೇ ಇರ್ಲಿಲ್ಲ, ನಂಬರ್, ಹೆಸ್ರು, ಯೂನಿಟ್ ಆದ್ಮೇಲೆ ‘ಕೇರ್ ಆಫ್ 56 ಎಪಿಒ’, ಅಂದ್ರೆ ಸೈನ್ಯದ ಪೋಸ್ಟ್ ಆಫೀಸ್ ನಂಬರ್, ಮುಗೀತು. ಪಶ್ಚಿಮದ ಕಡೆ ಇದ್ದವ್ರಿಗೆ 56, ಪೂರ್ವದಲ್ಲಿ, ಈಗಿನ ಬಾಂಗ್ಲಾದೇಶದ ಕಡೆ ಇದ್ದವ್ರಿಗೆ 99 ಎಪಿಒ. ಮಗ ದೇಶದ ಯಾವ ಮೂಲೇಲಿದಾನೆ ಅನ್ನೋದಕ್ಕೆ ನಮ್ಮಜ್ಜನ ಹತ್ರ ಇದ್ದಿದ್ದು ಆ ಎರಡು ಅಂಕಿ.

ಅಜ್ಜನಿಗೂ ಓದಕ್ಕೆ ಬರ್ತಿರ್ಲಿಲ್ಲ, ಅಮ್ಮನಿಗೂ ಬರಲ್ಲ. ಕಾಗದ ಬಂದ್ರೆ ಸ್ಕೂಲ್ ಮೇಷ್ಟ್ರು ಜಗಲಿ ಮೇಲೆ ಕೂತು ಜೋರಾಗಿ ಓದ್ತಿದ್ರಂತೆ, ಅರ್ಧ ಊರು ಅಲ್ಲೇ ಸೇರ್ತಿತ್ತಂತೆ. ‘ತೀರ್ಥರೂಪು ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು, ಉಭಯಕುಶಲೋಪರಿ’ ಅಂತ ಶುರು ಆಗಿ ದನ, ಹೊಲ, ಅತ್ತೆ ಮದ್ವೆ ಮಾತುಕತೆ, ಸಾಲದ ಬಡ್ಡಿ ಎಲ್ಲಾ ಬರುತ್ತೆ, ಹೆಂಡತಿಗೆ ಅಂತ ಒಂದಕ್ಷರ ಇಲ್ಲ. ಹೆಂಗೆ ಬರೀತಾರೆ ಹೇಳಿ, ಓದೋರು ಮೇಷ್ಟ್ರು, ಕೇಳೋರು ಮಾವ. ಅದಕ್ಕೆ ಅಪ್ಪ ಪ್ರತಿ ಕಾಗದದ ಕೊನೇಲೂ ಒಂದು ಸಾಲು ಹಾಕ್ತಿದ್ರು: ‘ಬಾವಿಯ ಹತ್ತಿರ ಪಾಚಿ ಇರುತ್ತದೆ, ಮನೆಯಲ್ಲಿ ಎಲ್ಲರೂ ಹುಷಾರಾಗಿ ಓಡಾಡುವುದು.’ ಎಲ್ಲರೂ ಅಂದ್ರೆ ಅಮ್ಮ. ಆಗ ಅಮ್ಮನ ಹೊಟ್ಟೇಲಿ ನಾನು. ಬೇಸಿಗೇಲಿ ಬಾವಿ ತಳ ಕಂಡಾಗ್ಲೂ ಅಪ್ಪನ ಕಾಗದದಲ್ಲಿ ಪಾಚಿ ಹೋಗಿರ್ಲಿಲ್ಲ. ಅಮ್ಮ ಈಗ್ಲೂ ಇದನ್ನ ಹೇಳಿ ನಗ್ತಾರೆ.

ಡಿಸೆಂಬರ್ 15ರ ರಾತ್ರಿ ಬಸಂತರ್ ಹೊಳೆ ಹತ್ರ ಏನಾಯ್ತು ಅಂತ ವರ್ಷ ವರ್ಷ ಭಾಷಣ ಮಾಡೋ ನಿಮಗೆ ನಾನು ಹೇಳ್ಬೇಕಾಗಿಲ್ಲ, ಆದ್ರೂ ಹೇಳ್ತೀನಿ. ಹೊಳೆ ಆಚೆ ಈಚೆ ಹೂತಿಟ್ಟಿದ್ದ ಮೈನ್‌ಗಳ ಮಧ್ಯ ನಮ್ಮ ಟ್ಯಾಂಕ್‌ಗಳಿಗೆ ದಾರಿ ಬಿಡಿಸಿದ್ದು ಮದ್ರಾಸ್ ಸ್ಯಾಪರ್‌ಗಳು, ಅದೂ ಶೆಲ್ ಬೀಳ್ತಿರೋವಾಗ. ದಾರಿ ಪೂರ್ತಿ ಆಗೋಕ್ ಮುಂಚೆನೇ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕ್‌ಗಳು ನುಗ್ಗಿದ್ವು. ಬೆಳಗಾದ್ಮೇಲೆ ಅಲ್ಲೇ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ತೀರಿಹೋಗಿದ್ದು, 21 ವರ್ಷದ ಹುಡುಗ, ಪರಮವೀರ ಚಕ್ರ. ಅದೇ 16ಕ್ಕೆ ಢಾಕಾದಲ್ಲಿ ಶರಣಾಗತಿ, 17ಕ್ಕೆ ಈ ಕಡೆನೂ ಕದನ ವಿರಾಮ. ಅಪ್ಪ 19ನೇ ತಾರೀಖು ಬರ್ದಿರೋ ಕಾಗದದಲ್ಲಿ ಇದೆಲ್ಲಕ್ಕೂ ಸೇರಿ ಒಂದೇ ವಾಕ್ಯ ಇದೆ: ‘ಇಲ್ಲಿ ಸ್ವಲ್ಪ ಕೆಲಸ ಜಾಸ್ತಿ ಇದ್ದ ಕಾರಣ ಪತ್ರ ಬರೆಯಲು ತಡವಾಯಿತು, ತಪ್ಪು ತಿಳಿಯಬೇಡಿ.’ ಆ ಕಾಗದ ಊರು ಮುಟ್ಟಿದ್ದು ಸಂಕ್ರಾಂತಿ ಹತ್ರ. ಅಲ್ಲಿವರ್ಗೂ ರೇಡಿಯೋದಲ್ಲಿ ಗೆದ್ವಿ ಗೆದ್ವಿ ಅಂತಿದ್ರೂ ನಮ್ಮಜ್ಜಿ ಹೊಟ್ಟೆ ತುಂಬ ಉಂಡಿಲ್ಲ. ಕೆಲಸ ಜಾಸ್ತಿ ಇತ್ತು ಅನ್ನೋ ಕೆಲಸ ಏನು ಅಂತ ಮನೆಯವರಿಗೆ ಗೊತ್ತಾಗಿದ್ದು ಅಪ್ಪ ರಿಟೈರ್ ಆಗಿ ಬಂದು ಎಷ್ಟೋ ವರ್ಷ ಆದ್ಮೇಲೆ, ಅದೂ ಯಾರೋ ಜೊತೆಯವ್ರು ಮನೆಗೆ ಬಂದಾಗ.

ಸಾರ್, ಈ ಕಾಗದ ನಿಮ್ಮ ರಕ್ತದ ಹನಿಗಿಂತ ದೊಡ್ಡದು ಅಲ್ವಾ? ವಾಪಸ್ ಕೊಡಿಸಿ.

ಇನ್ನೊಂದು ವಿಷ್ಯ. ಆ ಕಾಗದಗಳ ಮೇಲಿರೋ ಅಡ್ರೆಸ್ಸಲ್ಲಿ ಪಿನ್ ಕೋಡ್ ಇಲ್ಲ, ಅದು ಬಂದಿದ್ದೇ 1972ರ ಆಗಸ್ಟಲ್ಲಿ. ರಾಜ್ಯ ಅಂತ ಇರೋದು ಮೈಸೂರು, ಕರ್ನಾಟಕ ಅಂತ ಹೆಸ್ರಾಗಿದ್ದು 1973ರಲ್ಲಿ. ಇನ್ನು ಊರು, ಆ ಊರೇ ಈಗಿಲ್ಲ. ಗೊರೂರಲ್ಲಿ ಹೇಮಾವತಿಗೆ ಡ್ಯಾಮ್ ಕಟ್ಟಿದ್ಮೇಲೆ ಹಿನ್ನೀರಲ್ಲಿ ಹೋಯ್ತು. ಶೆಟ್ಟಿಹಳ್ಳಿ ಚರ್ಚ್ ಆದ್ರೆ ಬೇಸಿಗೇಲಿ ನೀರು ಇಳಿದಾಗ ಕಾಣುತ್ತೆ, ಬೆಂಗಳೂರಿಂದ ಜನ ಬಂದು ಪ್ರೀ ವೆಡ್ಡಿಂಗ್ ಶೂಟ್ ಮಾಡ್ಕೊಂಡು ಹೋಗ್ತಾರೆ, ನಮ್ಮೂರಲ್ಲಿ ಅಂಥ ಎತ್ತರದ್ದು ಏನೂ ಇರ್ಲಿಲ್ಲ, ಮಣ್ಣಿನ ಗೋಡೆ, ನಾಡಹೆಂಚು, ಕರಗಿಹೋಯ್ತು. ಆ ಊರಿತ್ತು, ಅಲ್ಲಿ ನಮ್ಮನೆ ಇತ್ತು ಅನ್ನೋದಕ್ಕೆ ಅಪ್ಪನ ಕೈಬರಹದಲ್ಲಿ ಉಳಿದಿದ್ದು ಆ ಅಡ್ರೆಸ್ ಒಂದೇ. ಊರು ಬಿಡೋವಾಗ ಗಾಡಿಗೆ ಅಪ್ಪ ಮೊದ್ಲು ಹೇರಿದ್ದೇ ಆ ಟ್ರಂಕ್. ಅಷ್ಟೆಲ್ಲ ದಾಟ್ಕೊಂಡು ಬಂದ ಕಾಗದ ಒಂದು ಆಫೀಸ್ ದಾಟಕ್ಕಾಗ್ಲಿಲ್ಲ.

ಆಮೇಲೆ ನಡೆದಿದ್ದು ಕೇಳಿ. ಒಂದು ವಾರ ಅಂದವರು ಬರ್ಲಿಲ್ಲ. ಹೋದ್ರೆ ಅವರಿಗೆ ಟ್ರಾನ್ಸ್‌ಫರ್ ಆಗಿದೆ, ಚಾರ್ಜ್ ಲಿಸ್ಟಲ್ಲಿ ಇಲ್ಲ ಅಂದ್ರು. ರಸೀದಿ ತೋರಿಸ್ದೆ. ಇದು ಮೃತರ ಹೆಸರಲ್ಲಿರೋದ್ರಿಂದ ಡೆತ್ ಸರ್ಟಿಫಿಕೇಟ್ ತನ್ನಿ ಅಂದ್ರು. ತಂದೆ. ವಂಶವೃಕ್ಷ ತನ್ನಿ ಅಂದ್ರು. ಕಾಗದಕ್ಕೆ ವಂಶವೃಕ್ಷ! ನಾಡಕಚೇರಿಗೆ ಹೋದ್ರೆ ಸರ್ವರ್ ಡೌನ್, ವಿಲೇಜ್ ಅಕೌಂಟೆಂಟ್ ಎಲೆಕ್ಷನ್ ಡ್ಯೂಟಿ, ಹೆಂಗೋ ಮಾಡಿಸ್ದೆ. ಆಮೇಲೆ ಅಣ್ಣ ತಮ್ಮಂದಿರದ್ದು ತಕರಾರಿಲ್ಲ ಅಂತ ಬಾಂಡ್ ಪೇಪರ್ ಮೇಲೆ ಅಫಿಡವಿಟ್. ಅಜ್ಜಿ ಕಾಲು ಮುಟ್ಟಿ ತಗೊಂಡು ಹೋಗೋವಾಗ ಯಾವ ವಂಶವೃಕ್ಷನೂ ಬೇಕಿರ್ಲಿಲ್ಲ ನೋಡಿ.

ಕೊನೆಗೊಂದಿನ ಫೋನ್ ಬಂತು, ಸಿಕ್ಕಿದೆ ಬನ್ನಿ ಅಂತ. ಓಡೋಡಿ ಹೋದೆ, ರಿಜಿಸ್ಟರಲ್ಲಿ ಸಹಿ ಹಾಕಿಸ್ಕೊಂಡು ಕವರ್ ಒಳಗೆ ಹಾಕಿ ಸ್ಟೇಪಲ್ ಹೊಡೆದಿದ್ದ ಕಟ್ಟು ಕೊಟ್ರು. ಅಮ್ಮನಿಗೆ ಕಣ್ಣು ಸರಿಯಾಗಿ ಕಾಣಲ್ಲ, ಮಂಚದ ಮೇಲೆ ಎದ್ದು ಕೂತು ಓದು ಮಗಾ ಅಂದ್ರು. ಬಿಚ್ಚಿ ಓದಕ್ಕೆ ಶುರು ಮಾಡ್ದೆ, ‘ಮಾತೃಶ್ರೀಯವರ ಪಾದಗಳಿಗೆ’ ಅಂತಿದೆ. ನಾಕು ಸಾಲು ಆಗಿರ್ಲಿಲ್ಲ, ಅಮ್ಮ ತಡೆದ್ರು. “ಇದು ನಿಮ್ಮಪ್ಪಂದಲ್ಲ ಕಣ್ ಮಗಾ. ನಿಮ್ಮಪ್ಪ ಮೊದ್ಲು ಅಜ್ಜನ್ನ, ಆಮೇಲೆ ದನ ಕೇಳೋರು. ಇದ್ಯಾರ್ದೋ ಮನೇದು, ಓದ್ಬ್ಯಾಡ ಮಡಗು” ಅಂದ್ರು. ತಿರುಗಿಸಿ ನೋಡಿದ್ರೆ 99 ಎಪಿಒ. ಅರಸೀಕೆರೆ ಕಡೆ ಒಂದು ಹಳ್ಳಿ ಅಡ್ರೆಸ್. ಬೇರೆ ಸೈನಿಕ, ಬೇರೆ ತಾಯಿ.

ವಾಪಸ್ ಹೋಗಿ ಕೇಳಿದ್ರೆ ಆ ಮಹಾನುಭಾವರು ಏನಂದ್ರು ಗೊತ್ತಾ? “ಮೇಡಂ, ನೀವು ಒಂದು ಕಟ್ಟು ಕೊಟ್ಟಿದ್ರಿ, ನಾವು ಒಂದು ಕಟ್ಟು ಕೊಟ್ಟಿದೀವಿ, ನೀವು ಸಹಿ ಹಾಕಿದೀರ, ಫೈಲ್ ಕ್ಲೋಸ್ ಆಗಿದೆ.” ರೇಷನ್ ಅಂಗಡೀಲಿ ಈ ಮೂಟೆ ಬದ್ಲು ಆ ಮೂಟೆ ಎತ್ಕೊಟ್ಟಂಗೆ! ನಾನು ಅಲ್ಲೇ ಕೂಗಾಡ್ದೆ, ಸುಳ್ಳು ಹೇಳಲ್ಲ. ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಕೇಸ್ ಹಾಕ್ತೀವಿ ಅಂದ್ರು.

ಆ ಕಟ್ಟನ್ನ ಅಲ್ಲಿ ಬಿಡಕ್ಕೆ ಮನಸ್ಸಾಗ್ಲಿಲ್ಲ. ನಾನೇ ಬಸ್ ಹತ್ತಿ ಅರಸೀಕೆರೆಗೆ ಹೋಗಿ, ಅಲ್ಲಿಂದ ಆಟೋ ಮಾಡಿ ಹಳ್ಳಿ ಹುಡುಕಿ ಕೊಟ್ಟು ಬಂದೆ. ಆ ಮನೇಲಿ ಸೈನಿಕನ ತಮ್ಮ ಇದಾರೆ, ವಯಸ್ಸಾಗಿದೆ. ಅವರು ಕೇಳಿ ಕೇಳಿ ಸಾಕಾಗಿ ಬಿಟ್ಬಿಟ್ಟಿದ್ರಂತೆ, ನಿಮ್ಮದು ಆಗ್ಲೇ ವಾಪಸ್ ಕೊಟ್ಟಾಗಿದೆ ಅಂತ ಹೇಳಿ ಕಳಿಸಿದ್ರಂತೆ. ಯಾರಿಗೆ ಕೊಟ್ರು ಅಂತ ಅವರಿಗೆ ಅವತ್ತು ಗೊತ್ತಾಯ್ತು.

ಈಗ ನೀವೇ ಹೇಳಿ, ಅವರ ಕಾಗದ ನಮ್ಮನೆಗೆ ಬಂದಿದ್ರೆ ನಮ್ಮದು ಇನ್ಯಾರದೋ ಮನೇಲಿ ಇರ್ಬಹುದಲ್ವಾ? ಪ್ರದರ್ಶನಕ್ಕೆ ಯಾರ್ಯಾರು ವಸ್ತು ಕೊಟ್ಟಿದ್ರು, ಯಾರ್ಯಾರಿಗೆ ವಾಪಸ್ ಕೊಟ್ರಿ, ಆ ಲಿಸ್ಟ್ ಕೊಡಿ, ನಾನೇ ಮನೆಮನೆಗೆ ಹೋಗಿ ಕೇಳ್ತೀನಿ ಅಂತ ಆರ್‌ಟಿಐ ಹಾಕಿದೆ. ‘ಸದರಿ ಮಾಹಿತಿ ಕಚೇರಿಯಲ್ಲಿ ಲಭ್ಯವಿರುವುದಿಲ್ಲ’. ಅಪೀಲ್ ಹಾಕಿದೆ, ಅದೇ ವಾಕ್ಯ, ತಾರೀಖು ಮಾತ್ರ ಬೇರೆ. ಸಹಿ ಹಾಕಿಸ್ಕೊಂಡ ರಿಜಿಸ್ಟರ್ ನಾನೇ ಕಣ್ಣಾರೆ ನೋಡಿದೀನಿ, ಅದು ಲಭ್ಯ ಇಲ್ವಂತೆ. 2005ರ ಕಾಯ್ದೆ ಏನು ಹೇಳುತ್ತೆ ಅಂತ ನಿಮಗೆ ನಾನು ಪಾಠ ಮಾಡ್ಬೇಕಾ?

ಇದನ್ನೆಲ್ಲ ನುಂಗ್ಕೊಂಡಿದ್ದೆ. ಈಗ ಬರೆಯೋ ಹಾಗೆ ಮಾಡಿದ್ದು ನಿಮ್ಮ ಫ್ಲೆಕ್ಸು. ಕಾರ್ಗಿಲ್ ವಿಜಯ ದಿವಸಕ್ಕೆ ಸರ್ಕಲ್‌ನಲ್ಲಿ ಹಾಕಿಸಿದ್ರಲ್ಲ, ನೀವು ಕೈ ಮುಗ್ದು ನಿಂತಿರೋದು, ಸುತ್ತ ನಿಮ್ಮ ಹುಡುಗರ ಫೋಟೋ, ಹಿಂದೆ ಡಿಸೈನಿಗೆ ಅಂತ ಒಂದು ಹಳೇ ಕಾಗದ. ಅದು ನಮ್ಮಪ್ಪನ ಕಾಗದ. ಅಪ್ಪನ ಅಕ್ಷರ ನನಗೆ ಗೊತ್ತಾಗಲ್ವಾ, 56 ಎಪಿಒ ಸೀಲು ನಿಮ್ಮ ಭುಜದ ಪಕ್ಕದಲ್ಲೇ ಕಾಣುತ್ತೆ. 1999ರ ಯುದ್ಧಕ್ಕೆ 1971ರ ಕಾಗದ, ಅದಿರ್ಲಿ ಬಿಡಿ, ಅದು ನಿಮ್ಮ ಫ್ಲೆಕ್ಸಿನವರಿಗೆ ಹೆಂಗೆ ಸಿಕ್ತು? ಅವರಿಗೆ ಲಭ್ಯ ಇರೋದು ನಮಗ್ಯಾಕೆ ಲಭ್ಯ ಇಲ್ಲ? ಎಲೆಕ್ಷನ್ ಟೈಮಲ್ಲಿ ನಮ್ಮ ಬಾಗಿಲಿಗೆ ಬಂದು ಅಕ್ಕ ಅಂದವರು ನೀವು, ಆ ಸಲಿಗೇಲೇ ಕೇಳ್ತಿದೀನಿ.

ಒಂದು ಫೋನ್ ಮಾಡಿ ಸಾರ್. ಫ್ಲೆಕ್ಸ್ ಮಾಡಿದ ಹುಡುಗನಿಗೆ ಆ ಫೋಟೋ ಯಾರು ಕೊಟ್ರು ಅಂತ ಕೇಳಿ. ಆ ಕಚೇರಿಯವರನ್ನ ಕರ್ಸಿ ರಿಜಿಸ್ಟರ್ ಬಿಚ್ಚಿಸಿ. ಲಿಸ್ಟ್ ಕೊಡಿಸಿ. ಅರಸೀಕೆರೆಯವರ ಥರ ಕೇಳೋದು ಬಿಟ್ಟು ಕೂತಿರೋ ಮನೆಗಳು ಇನ್ನೆಷ್ಟಿವೆಯೋ, ಅವರದ್ದೂ ಕೊಡಿಸಿ. ನಮ್ಮದು ಕಾಗದ ವಾಪಸ್ ಬೇಕು, ಜೆರಾಕ್ಸ್ ಬೇಡ, ಫ್ರೇಮ್ ಹಾಕಿದ ಕಲರ್ ಪ್ರಿಂಟ್ ಬೇಡ, ಕಾಗದ.

ಅಮ್ಮ ಎಲ್ಲೂ ಹೋಗಲ್ಲ, ಮನೇಲೇ ಇರ್ತಾರೆ. ಬರೋ ಹಾಗಿದ್ರೆ ಹಾರ, ಶಾಲು, ಫೋಟೋಗ್ರಾಫರ್ ಯಾರೂ ಬೇಡ. ಕಾಗದದ ಕಟ್ಟು ತನ್ನಿ, ತರೋಕ್ ಮುಂಚೆ ಬಿಚ್ಚಿ ಅಡ್ರೆಸ್ ನೋಡ್ಕೊಂಡು ತನ್ನಿ.

ಇಂತಿ,
ಒಬ್ಬ ಸ್ಯಾಪರ್‌ನ ಮಗಳು
ಹಾಸನ ಜಿಲ್ಲೆ