ಬಿಳಿ ಪೆಪ್ಪರ್‌ಮೆಂಟು ಬಿಲ್ಲೆಯ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ತುಮಕೂರು

ಮಾನ್ಯ ಗ್ರಾಹಕರಿಗೂ, ನಮ್ಮ ಮಾಲನ್ನು ಇಟ್ಟು ಮಾರುವ ಅಂಗಡಿಯವರಿಗೂ ನಮಸ್ಕಾರಗಳು.

ಬರುವ ಯುಗಾದಿಯ ನಂತರ ನಮ್ಮ ಮಹಿಳಾ ಸಹಕಾರ ಸಂಘದಲ್ಲಿ ತಯಾರಾಗುವ ಬಿಳಿ ಪೆಪ್ಪರ್‌ಮೆಂಟು ಬಿಲ್ಲೆಯ ರುಚಿ ಬದಲಾಗಲಿದೆ. ಇಷ್ಟು ವರ್ಷ ಆ ಬಿಲ್ಲೆಗೆ ಮೆಂಥಾಲ್ ಪುದೀನದ ಎಣ್ಣೆಯ ಜೊತೆಗೆ ವಿಂಟರ್‌ಗ್ರೀನ್ ಎಂಬ ಗಿಡದ ಎಣ್ಣೆಯನ್ನೂ ಸ್ವಲ್ಪ ಸೇರಿಸುತ್ತಿದ್ದೆವು. ಇನ್ನು ಮುಂದೆ ಬಿಳಿ ಬಿಲ್ಲೆಗೆ ಪೆಪ್ಪರ್‌ಮೆಂಟ್ ಗಿಡದ ಎಣ್ಣೆಯೊಂದನ್ನೇ ಹಾಕುತ್ತೇವೆ. ವಿಂಟರ್‌ಗ್ರೀನ್ ರುಚಿಯನ್ನೇ ಮೆಚ್ಚಿಕೊಂಡವರಿಗಾಗಿ ಗುಲಾಬಿ ಬಣ್ಣದ ಬಿಲ್ಲೆಯೊಂದು ಬೇರೆ ಪೊಟ್ಟಣದಲ್ಲಿ ಬರುತ್ತದೆ. ಎರಡರ ಬೆಲೆಯೂ ಈಗಿರುವಷ್ಟೇ. ಆದರೆ ಪೆಪ್ಪರ್‌ಮೆಂಟ್ ಎಣ್ಣೆ ದುಬಾರಿಯಾದ ಕಾರಣ ಬಿಳಿ ಬಿಲ್ಲೆಯ ಪೊಟ್ಟಣದ ತೂಕವನ್ನು 100 ಗ್ರಾಂನಿಂದ 90 ಗ್ರಾಂಗೆ ಇಳಿಸಬೇಕಾಗಿದೆ. ಇದನ್ನು ಪೊಟ್ಟಣ ನೋಡಿ ತಾವೇ ಕಂಡುಕೊಳ್ಳುವ ಮೊದಲು ನಾವೇ ಹೇಳುವುದು ನ್ಯಾಯವೆಂದು ಈ ಪತ್ರ ಬರೆಯುತ್ತಿದ್ದೇವೆ.

ಕಳೆದ ಶಿವರಾತ್ರಿಯಲ್ಲಿ ಸಿದ್ಧಗಂಗೆಯ ಜಾತ್ರೆಗೆ ನಾವು ಮಳಿಗೆ ಹಾಕಿದ್ದಾಗ ಹಿರಿಯರೊಬ್ಬರು ಬಿಲ್ಲೆಯೊಂದನ್ನು ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಪೆಪ್ಪರ್‌ಮೆಂಟೇನೋ ಸರಿ ಕಣಮ್ಮ, ಇದ್ರಲ್ಲಿ ಮಂಡಿಗೆ ಹಚ್ಕೊಳೋ ಮುಲಾಮಿನ ವಾಸ್ನೆ ಯಾಕೈತೆ? ನಂಗೆ ಆಸ್ಪಿರಿನ್ ಮಾತ್ರೆ ಆಗಲ್ಲ" ಎಂದು ಕೇಳಿದರು. ಅವರ ಮೂಗು ಸರಿಯಾಗಿಯೇ ಹಿಡಿದಿತ್ತು. ವಿಂಟರ್‌ಗ್ರೀನ್ ಎಣ್ಣೆಯ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್ ಎಂಬ ವಸ್ತು. ನೋವಿನ ಮುಲಾಮುಗಳಲ್ಲಿ ಹಾಕುವುದೂ ಅದನ್ನೇ, ಮತ್ತು ಅದು ಆಸ್ಪಿರಿನ್‌ನ ಹತ್ತಿರದ ಬಳಗಕ್ಕೇ ಸೇರಿದ್ದು. ಬಿಲ್ಲೆಯಲ್ಲಿದ್ದ ಪ್ರಮಾಣ ತೀರ ಅಲ್ಪ, ಅವರಿಗೆ ತೊಂದರೆಯೇನೂ ಆಗಲಿಲ್ಲ. ಆದರೆ ನಮ್ಮ ಪೊಟ್ಟಣದ ಮೇಲೆ "ಪುದೀನ ಪರಿಮಳ" ಎಂದಷ್ಟೇ ಅಚ್ಚಾಗಿತ್ತು. ತಿನ್ನುವವರಿಗೆ ತಾವು ತಿನ್ನುತ್ತಿರುವುದು ಏನೆಂದು ತಿಳಿದಿರಬೇಕಿತ್ತು. ಅದನ್ನು ತಿಳಿಸದೆ ಹೋದದ್ದು ನಮ್ಮ ತಪ್ಪು, ಅದಕ್ಕಾಗಿ ಕ್ಷಮೆ ಕೇಳುತ್ತೇವೆ.

ಎರಡು ಎಣ್ಣೆಗಳನ್ನು ಬೆರೆಸಿದ್ದೇಕೆ ಎಂಬುದಕ್ಕೂ ಉತ್ತರ ಕೊಡಬೇಕು. ಉತ್ತರ ಪ್ರದೇಶದ ಬಾರಾಬಂಕಿಯ ಸುತ್ತ ರೈತರು ದೊಡ್ಡ ಪ್ರಮಾಣದಲ್ಲಿ ಬೆಳೆಯುವ ಮೆಂಥಾಲ್ ಪುದೀನದ ಎಣ್ಣೆ ಪೆಪ್ಪರ್‌ಮೆಂಟ್ ಎಣ್ಣೆಗಿಂತ ಅಗ್ಗ, ಮತ್ತು ಅದರಲ್ಲಿ ಬಾಯಿಗೆ ತಂಪೆನಿಸುವ ಮೆಂಥಾಲ್ ಎಂಬ ವಸ್ತು ಶೇ. 70ನ್ನೂ ಮೀರಿರುತ್ತದೆ. ಒಳ್ಳೆಯ ಎಣ್ಣೆಯೇ. ಆದರೆ ಬರೀ ಅದನ್ನೇ ಬಿಲ್ಲೆಗೆ ಹಾಕಿದರೆ ಮೊದಲು ಜೋರಾದ ತಂಪು, ಅದರ ಬೆನ್ನಿಗೇ ನಾಲಿಗೆಯ ಹಿಂಬದಿಯಲ್ಲಿ ಒಂದು ಒಗರು ಕಹಿ. ಆ ಕಹಿಯನ್ನು ಮುಚ್ಚಲು ವಿಂಟರ್‌ಗ್ರೀನ್‌ನ ಸಿಹಿ ಸುವಾಸನೆ ಒದಗುತ್ತಿತ್ತು. ಪೆಪ್ಪರ್‌ಮೆಂಟ್ ಎಣ್ಣೆಯಲ್ಲಿ ಮೆಂಥಾಲ್ ಸುಮಾರು ಶೇ. 40ರ ಆಸುಪಾಸು, ಉಳಿದ ಪಾಲಿನಲ್ಲಿರುವ ಬೇರೆ ಬೇರೆ ಸುವಾಸನೆಗಳು ಆ ತಂಪನ್ನು ಹದದಲ್ಲಿ ಹಿಡಿದಿಡುತ್ತವೆ. ಮುಚ್ಚುವ ಕಹಿಯೇ ಇಲ್ಲವಾದ ಮೇಲೆ ಬೆರಕೆಯ ಅಗತ್ಯವೂ ಇಲ್ಲ.

ಪೆಪ್ಪರ್‌ಮೆಂಟ್ ಗಿಡವೆಂದರೆ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಾಗಿ ಸಿಗುವ ಪುದೀನವಲ್ಲ. ಅಡುಗೆಯ ಪುದೀನವೂ ನೀರಿನ ಬದಿಯಲ್ಲಿ ಬೆಳೆಯುವ ಇನ್ನೊಂದು ಜಾತಿಯ ಪುದೀನವೂ ಕೂಡಿ ಹುಟ್ಟಿದ ಮಿಶ್ರತಳಿ ಅದು. ಅಡುಗೆಯ ಪುದೀನದ ಪರಿಮಳಕ್ಕೆ ಮುಖ್ಯ ಕಾರಣ ಕಾರ್ವೋನ್ ಎಂಬ ವಸ್ತು. ಅದರಲ್ಲಿ ಮೆಂಥಾಲ್ ಹೆಚ್ಚಿಲ್ಲದ್ದರಿಂದಲೇ ಚಟ್ನಿ ತಿಂದಾಗ ಘಮ ಸಿಕ್ಕರೂ ಬಾಯಿ ಜುಮ್ಮೆಂದು ತಣ್ಣಗಾಗುವುದಿಲ್ಲ. ಸಬ್ಬಸಿಗೆ ಬೀಜದಲ್ಲಿ ಇರುವುದೂ ಕಾರ್ವೋನೇ, ಆದರೆ ಎಡಗೈಗೆ ಬಲಗೈ ಇದ್ದ ಹಾಗೆ ಅದರ ಕನ್ನಡಿ ರೂಪ. ಅಷ್ಟಕ್ಕೇ ಮೂಗಿಗೆ ಎರಡೂ ಬೇರೆ ಬೇರೆ.

ತಂಪಿನ ವಿಷಯ ಇನ್ನೂ ಸ್ವಾರಸ್ಯದ್ದು. ಮೆಂಥಾಲ್ ಬಾಯಿಯನ್ನು ನಿಜವಾಗಿ ತಣ್ಣಗೆ ಮಾಡುವುದಿಲ್ಲ. ಚಳಿಯನ್ನು ಗುರುತಿಸಲೆಂದೇ ನಮ್ಮ ನರಗಳ ತುದಿಯಲ್ಲಿರುವ ಗ್ರಾಹಕವೆಂಬ (ರಿಸೆಪ್ಟರ್) ಸೂಕ್ಷ್ಮ ಭಾಗವೊಂದನ್ನು ಅದು ಎಚ್ಚರಿಸುತ್ತದೆ, ಮಿದುಳು ಅದನ್ನು ತಂಪೆಂದೇ ತಿಳಿಯುತ್ತದೆ. ಇಂಥ ಗ್ರಾಹಕಗಳನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ವೈದ್ಯಕೀಯ ನೊಬೆಲ್ ಬಂದಿತು. ಬಿಲ್ಲೆ ಕರಗಿದ ಮೇಲೆ ಒಂದು ಗುಟುಕು ನೀರು ಕುಡಿದರೆ, ಅದು ಬರೀ ಕೊಡದ ನೀರಾದರೂ, ಗಂಟಲಿನವರೆಗೆ ಐಸ್ ಇಳಿದಂತಾಗುವುದು ಇದರಿಂದಲೇ. ಹೊಸ ಬಿಲ್ಲೆಯಲ್ಲಿ ಆ ತಂಪು ಹಳೆಯದರಷ್ಟು ಥಟ್ಟನೆ ಏರುವುದಿಲ್ಲ. ಸಕ್ಕರೆ ಕರಗುತ್ತ ಬಂದ ಹಾಗೆ ನಿಧಾನವಾಗಿ ಬಂದು ಹೆಚ್ಚು ಹೊತ್ತು ನಿಲ್ಲುತ್ತದೆ. ನಮಗೆ ಇದೇ ಹೆಚ್ಚು ಹಿಡಿಸಿದೆ.

ತಯಾರಿಕೆಯ ಕ್ರಮ ಮೊದಲಿನದೇ. ಸಕ್ಕರೆ ಪುಡಿಗೆ ಗೋಂದಿನ ನೀರು ಹಾಕಿ ಕಲಸಿ, ಜರಡಿಯಲ್ಲಿ ತಿಕ್ಕಿ ರವೆಯಂತೆ ಮಾಡಿ, ತಟ್ಟೆಗಳಲ್ಲಿ ಹರಡಿ ಒಣಗಿಸುತ್ತೇವೆ. ಎಣ್ಣೆ ಬಲು ಬೇಗ ಆರಿಹೋಗುವಂಥದ್ದಾದ್ದರಿಂದ ಒಣಗಿದ ಮೇಲೆಯೇ ಅದನ್ನು ಸೇರಿಸಿ, ಒಂದು ರಾತ್ರಿ ಮುಚ್ಚಿದ ಡಬ್ಬಿಯಲ್ಲಿಟ್ಟು, ಬೆಳಿಗ್ಗೆ ಅಚ್ಚಿಗೆ ಕೊಡುತ್ತೇವೆ. ಬೆಳಿಗ್ಗೆ ಮುಚ್ಚಳ ತೆಗೆದವರ ಕಣ್ಣಲ್ಲಿ ನೀರು ಬರುತ್ತದೆ.

ಗುಲಾಬಿ ಬಿಲ್ಲೆಯ ವಿಂಟರ್‌ಗ್ರೀನ್ ಪುದೀನದ ಜಾತಿಗೆ ಸೇರಿದ್ದೇ ಅಲ್ಲ. ಮೂಲತಃ ಅದು ಉತ್ತರ ಅಮೆರಿಕದ ಕಾಡಿನ ನೆಲದಲ್ಲಿ ಹಬ್ಬುವ, ಚಳಿಗಾಲದಲ್ಲೂ ಹಸಿರಾಗಿರುವ ಪುಟ್ಟ ಗಿಡ; ಅದರ ಬಳಗದ ಇನ್ನೊಂದು ಗಿಡ ನಮ್ಮ ನೀಲಗಿರಿ ಬೆಟ್ಟಗಳಲ್ಲಿಯೂ ಹಿಮಾಲಯದಲ್ಲಿಯೂ ಬೆಳೆಯುತ್ತದೆ. ನೆಗಡಿಗೆ ಬಳಸುವ ನೀಲಗಿರಿ ಎಣ್ಣೆಗೂ ಇದಕ್ಕೂ ಸಂಬಂಧವಿಲ್ಲ. ಎಲೆಯನ್ನು ಸುಮ್ಮನೆ ಮೂಸಿದರೆ ವಾಸನೆ ಹೆಚ್ಚಿಲ್ಲ, ಜಜ್ಜಿದಾಗಲೇ ಬಿಡುತ್ತದೆ. ನಮ್ಮಲ್ಲಿ ಈ ವಾಸನೆ ಮುಲಾಮಿನ ಮೂಲಕವೇ ಪರಿಚಯವಾದ್ದರಿಂದ ಬಹಳ ಜನ ಮೊದಲ ಬಾರಿಗೆ ಮುಖ ಸಿಂಡರಿಸುತ್ತಾರೆ. ಆ ನೆನಪನ್ನು ಬದಿಗಿಟ್ಟು ಪೂರ್ತಿ ಕರಗುವವರೆಗೆ ಚೀಪಿ ನೋಡಬೇಕೆಂದು ಕೋರುತ್ತೇವೆ. ಮೆಂಥಾಲಿನ ಚುರುಕು ತಂಪು ಇದರಲ್ಲಿಲ್ಲ, ಬದಲಿಗೆ ನುಣುಪಾದ, ಕೊನೆಯವರೆಗೂ ಸಿಹಿಯಾಗಿಯೇ ಉಳಿಯುವ ಒಂದು ಘಮ ಇದೆ. ಕರೆಂಟು ಹೋದ ರಾತ್ರಿ, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಒಣಗಿದ ಬಿಲ್ಲೆಯನ್ನು ಇಕ್ಕಳದಲ್ಲಿ ಒತ್ತಿ ಮುರಿದರೆ ನೀಲಿ ಮಿಂಚೊಂದು ಹಾದುಹೋಗುವುದನ್ನು ಕಾಣಬಹುದು. ಸಕ್ಕರೆಯ ಹರಳು ಒಡೆಯುವಾಗ ಹುಟ್ಟುವ, ಕಣ್ಣಿಗೆ ಕಾಣದ ಬೆಳಕನ್ನು ವಿಂಟರ್‌ಗ್ರೀನ್ ಎಣ್ಣೆ ಹೀರಿಕೊಂಡು ನೀಲಿಯಾಗಿ ಹೊರಬಿಡುತ್ತದೆ.

ಆಸ್ಪಿರಿನ್ ಒಗ್ಗದವರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಗುಲಾಬಿ ಬಿಲ್ಲೆ ತಿನ್ನಬಾರದು. ಇದನ್ನು ಪೊಟ್ಟಣದ ಮುಂಭಾಗದಲ್ಲಿಯೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೇವೆ. ಕೆಲವರು ಮನೆಯ ಬಳಕೆಗೆ ವಿಂಟರ್‌ಗ್ರೀನ್ ಎಣ್ಣೆಯನ್ನೇ ಕೇಳುತ್ತಾರೆ, ದಯವಿಟ್ಟು ಕೇಳಬೇಡಿ. ಒಂದು ಟೀ ಚಮಚದಷ್ಟು ಶುದ್ಧ ಎಣ್ಣೆ ಹೊಟ್ಟೆಗೆ ಹೋದರೆ ಚಿಕ್ಕ ಮಗುವಿನ ಜೀವಕ್ಕೇ ಅಪಾಯ. ಸಂಘದಲ್ಲಿ ಅದು ಬೀಗ ಹಾಕಿದ ಕಪಾಟಿನಲ್ಲಿರುತ್ತದೆ.

ಅಂಗಡಿಯವರಲ್ಲಿ ಒಂದು ವಿನಂತಿ. ಬಿಳಿ ಮತ್ತು ಗುಲಾಬಿ ಬಿಲ್ಲೆಗಳನ್ನು ಒಂದೇ ಜಾಡಿಯಲ್ಲಿ ಇಡಬೇಡಿ. ಈ ಎಣ್ಣೆಗಳ ವಾಸನೆ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಹತ್ತುತ್ತದೆ. ಒಟ್ಟಿಗಿಟ್ಟರೆ ನಾವು ಬೇರೆ ಮಾಡಿದ್ದು ಮತ್ತೆ ಬೆರೆತುಹೋಗುತ್ತದೆ. ಗುಲಾಬಿ ಬಿಲ್ಲೆಗೆ ಬೇರೆ ಜಾಡಿ, ಬಿಗಿಯಾದ ಮುಚ್ಚಳ ಬೇಕು. ಹಳೆಯ ಬಿಲ್ಲೆ ಉಳಿದಿದ್ದರೆ, ಪೊಟ್ಟಣ ಒಡೆದಿದ್ದರೂ ಸರಿ, ಮಂಡಿಪೇಟೆಗೆ ಮಾಲು ತರುವ ನಮ್ಮ ಸದಸ್ಯೆಯರ ಕೈಗೆ ಕೊಟ್ಟು ಅಷ್ಟೇ ತೂಕದ ಹೊಸ ಬಿಲ್ಲೆಯನ್ನು ಪಡೆಯಬಹುದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಸಂಘದ ಎಲ್ಲ ಸದಸ್ಯೆಯರ ಪರವಾಗಿ