ಗ್ರೂಪ್ ಇದೆ, ಸಿಗ್ನಲ್ ಎಲ್ಲಿ?

ಮಾನ್ಯರೇ,

2004ರಲ್ಲಿ ಬಂದ ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು. ಜನ ಫೇಸ್‌ಬುಕ್ಕಿಗೆ ಹೋದರು. 2020ರಲ್ಲಿ ಟಿಕ್‌ಟಾಕ್ ನಿಷೇಧವಾದ ಮೇಲೆ ಹುಡುಗರು ರೀಲ್ಸ್ ಕಡೆ ಹೊರಳಿದರು. ಮಲೆನಾಡಿನಲ್ಲಿ ಮಾತ್ರ ವಾಟ್ಸ್‌ಆ್ಯಪ್ ಗ್ರೂಪೇ ಗಟ್ಟಿ. ರಾಶಿ, ಬೆಟ್ಟೆ, ಸರಕು ಎಂಬ ಅಡಿಕೆ ಬಗೆಗಳ ಧಾರಣೆ ಬರುವುದು ಅದರಲ್ಲಿ, ಸಾವಿನ ಸುದ್ದಿಯೂ ಅದರಲ್ಲೇ. ವಿಡಿಯೊ ತೆರೆಯದಷ್ಟು ಸಣ್ಣ ಸಿಗ್ನಲ್ಲಿನಲ್ಲೂ ನಾಲ್ಕು ಸಾಲು ಹೇಗೋ ಬಂದು ಬೀಳುತ್ತವಲ್ಲ!

ಮಳೆಗಾಲದಲ್ಲಿ ಅದೂ ಇಲ್ಲ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳಲ್ಲಿ ಫೋನು ಮಾಡಲು ಗುಡ್ಡ ಹತ್ತಬೇಕು. ಪಡಿತರಕ್ಕೆ ಹೆಬ್ಬೆಟ್ಟು ಒತ್ತಲೂ ನೆಟ್ ಬೇಕಾದ ಕಾಲ ಇದು, ಬರೀ ಮೋಜಿನ ಮಾತಲ್ಲ. ಮಳೆ ಹಿಡಿಯುವ ಮೊದಲೇ ಟವರ್‌ಗಳಿಗೆ ಬ್ಯಾಟರಿ, ಡೀಸೆಲ್ ಹೊಂದಿಸುವಂತೆ ಜಿಲ್ಲಾಡಳಿತ ಕಂಪನಿಗಳಿಗೆ ಬಿಗಿಯಾಗಿ ಹೇಳಲಿ.

– ಓದುಗ, ಹೊಸನಗರ