ಲಿಂಕನ್ ಸೋಲಿನ ಪಟ್ಟಿ ಬಿಟ್ಟುಬಿಟ್ಟ ಗೆಲುವುಗಳು

ಮಾನ್ಯ ಸಂಪಾದಕರೇ,

‘1831: ವ್ಯಾಪಾರದಲ್ಲಿ ಸೋಲು, 1832: ಚುನಾವಣೆಯಲ್ಲಿ ಸೋಲು, 1833: ಮತ್ತೆ ವ್ಯಾಪಾರದಲ್ಲಿ ಸೋಲು...’ ಅಬ್ರಹಾಂ ಲಿಂಕನ್ ಹೆಸರಿನ ಈ ಪಟ್ಟಿ ವಾಟ್ಸ್ಆ್ಯಪ್‌ನಿಂದ ಹಿಡಿದು ಶಾಲೆಗಳ ಭಾಷಣದವರೆಗೆ ಓಡಾಡುತ್ತಲೇ ಇದೆ. ಮಕ್ಕಳಿಗೆ ಹೇಳುವ ಮುನ್ನ ಅದನ್ನು ತಿದ್ದಲೇಬೇಕು.

1831ರಲ್ಲಿ ಇಲಿನಾಯ್ ರಾಜ್ಯದ ನ್ಯೂ ಸೇಲಂ ಹಳ್ಳಿಗೆ ಬಂದಾಗ ಲಿಂಕನ್ ಡೆಂಟನ್ ಆಫಟ್ ಎಂಬುವರ ಅಂಗಡಿಯಲ್ಲಿ ಗುಮಾಸ್ತರು. ಮುಳುಗಿದ್ದು ಯಜಮಾನರ ಬಂಡವಾಳ. ವಿಲಿಯಂ ಬೆರಿ ಜತೆ ಪಾಲಿನಲ್ಲಿ ಸ್ವಂತ ಅಂಗಡಿ ಹಿಡಿದದ್ದು ಆಮೇಲೆ. ಕೈಯಲ್ಲಿ ರೊಕ್ಕವಿಲ್ಲ, ಅಂಗಡಿ ಬಿಡುತ್ತಿದ್ದ ವರ್ತಕರ ಸರಕನ್ನು ಪ್ರಾಮಿಸರಿ ನೋಟು (ಮುಂದೆ ಹಣ ಕೊಡುತ್ತೇವೆಂಬ ಸಾಲಪತ್ರ) ಬರೆದುಕೊಟ್ಟು ಕೊಂಡರು, ಅದನ್ನು ಉದ್ದರಿ ಮಾರಿದರು. 1833ರ ಮಾರ್ಚ್ 6ರಂದು ಇಬ್ಬರ ಹೆಸರಿಗೆ ಮದ್ಯದ ಪರವಾನಗಿ ಬಂತು. ಶುಲ್ಕ 7 ಡಾಲರ್. ಅರ್ಧ ಪಿಂಟ್ ವಿಸ್ಕಿಗೆ 12½ ಸೆಂಟ್, ಊಟಕ್ಕೆ 25 ಸೆಂಟ್ ದರ ನಿಗದಿ. ಅದೂ ಕೈಹಿಡಿಯಲಿಲ್ಲ. ಊರಿನ ಆಸೆಯೆಲ್ಲ ಸಾಂಗಮನ್ ಹೊಳೆಯಲ್ಲಿ ಹಡಗು ಓಡುವುದರ ಮೇಲಿತ್ತು. ಆದರೆ 1832ರಲ್ಲಿ ಬಂದ ‘ಟ್ಯಾಲಿಸ್ಮನ್’ ಉಗಿಹಡಗು ನೀರು ಇಳಿಯುತ್ತಲೇ ವಾಪಸಾಗಬೇಕಾಯಿತು. ಗಿರಣಿಯ ಒಡ್ಡನ್ನು ಒಂದಿಷ್ಟು ಒಡೆದು ದಾಟಿಸಿದರು. ಬೆಳೆಯದ ಊರಿನಲ್ಲಿ ಗಿರಾಕಿ ಎಲ್ಲಿಂದ ಬರಬೇಕು?

1835ರ ಜನವರಿಯಲ್ಲಿ ಬೆರಿ ತೀರಿಕೊಂಡರು. ಜಂಟಿ ಸಾಲದಲ್ಲಿ ಒಬ್ಬರು ಹೋದರೆ ಪೂರ್ತಿ ಹೊರೆ ಉಳಿದವರ ಹೆಗಲಿಗೆ: ಸುಮಾರು 1,100 ಡಾಲರ್. ಆಗ ಇಂಥ ಪ್ರಾಮಿಸರಿ ನೋಟುಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಬರೆಸಿಕೊಂಡವರು ಸುಮ್ಮನಿದ್ದರೂ ಕೊಂಡವರು ದಾವೆ ಹೂಡಬಹುದಿತ್ತು. ಹೀಗೊಂದು ದಾವೆಯಲ್ಲಿ ಲಿಂಕನ್ ಅವರ ಕುದುರೆ, ಜೀನು, ಸರ್ವೆ ಉಪಕರಣ ಹರಾಜಾದವು. ಜೇಮ್ಸ್ ಶಾರ್ಟ್ ಎಂಬ ರೈತ ಅವನ್ನು 120 ಡಾಲರಿಗೆ ಕೊಂಡು ಅವರಿಗೇ ಮರಳಿಸಿದರು. ಲಿಂಕನ್ ಊರು ಬಿಟ್ಟು ಓಡಲಿಲ್ಲ. ವರ್ಷಗಟ್ಟಲೆ ದುಡಿದು ತೀರಿಸಿದರು.

ಪಟ್ಟಿ ನುಂಗಿಹಾಕಿರುವುದು ಇದರ ನಡುವಿನ ಸಂಗತಿಯನ್ನು. 1832ರಲ್ಲಿ ರಾಜ್ಯ ಶಾಸನಸಭೆಯ ಚುನಾವಣೆಯಲ್ಲಿ ಸೋತಾಗಲೂ ನ್ಯೂ ಸೇಲಂ ಮತಗಟ್ಟೆಯ 300 ಮತಗಳಲ್ಲಿ 277 ಅವರಿಗೇ ಬಿದ್ದಿದ್ದವು. 1834ರ ಆಗಸ್ಟ್‌ನಲ್ಲಿ, ಒಂದಕ್ಕಿಂತ ಹೆಚ್ಚು ಸ್ಥಾನಗಳಿದ್ದ ಅದೇ ಸಭೆಯ ಚುನಾವಣೆಯಲ್ಲಿ, 13 ಅಭ್ಯರ್ಥಿಗಳಲ್ಲಿ ಎರಡನೆಯವರಾಗಿ ಗೆದ್ದರು, ವಯಸ್ಸು 25. ಕೋಲ್‌ಮನ್ ಸ್ಮೂಟ್ ಎಂಬುವರಿಂದ 200 ಡಾಲರ್ ಸಾಲ ಪಡೆದು, ಅದರಲ್ಲೇ ಸೂಟು ಹೊಲಿಸಿಕೊಂಡು ರಾಜಧಾನಿ ವಂಡೇಲಿಯಾಕ್ಕೆ ಹೋದರು. 1836, 1838, 1840ರಲ್ಲೂ ಜನ ಅವರನ್ನೇ ಆರಿಸಿದರು.

ಅವರ ದೊಡ್ಡ ತಪ್ಪು ಬೇಕಿದ್ದರೆ ಶಾಸನಸಭೆಯಲ್ಲೇ ಸಿಗುತ್ತದೆ. 1 ಕೋಟಿ ಡಾಲರ್ ದಾಟಿದ, ಸಾಲವನ್ನೇ ನೆಚ್ಚಿಕೊಂಡ 1837ರ ರೈಲು-ರಸ್ತೆ-ನದಿ ಯೋಜನೆಯನ್ನು ಅವರು ಬೆಂಬಲಿಸಿದರು. ಎಲ್ಲ ಪ್ರದೇಶಗಳನ್ನೂ ಮೆಚ್ಚಿಸಲು ಎಲ್ಲ ಕಾಮಗಾರಿಗಳನ್ನೂ ಒಟ್ಟಿಗೇ ಶುರು ಮಾಡಿದ್ದರಿಂದ, ಒಂದಾದರೂ ಮುಗಿದು ಆದಾಯ ತರುವ ಮೊದಲೇ ಆರ್ಥಿಕ ಕುಸಿತ ಬಡಿಯಿತು. ರಾಜ್ಯ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿತು. ಪೂರ್ಣಗೊಂಡ ತುಂಡು ರೈಲುಮಾರ್ಗ 1847ರಲ್ಲಿ 21,100 ಡಾಲರಿಗೆ ಹರಾಜಾಯಿತು. ನ್ಯೂ ಸೇಲಂ ಅಂಗಡಿಯ ಲೆಕ್ಕವೇ ಇಲ್ಲಿ ರಾಜ್ಯದ ಅಳತೆಯಲ್ಲಿ ನಡೆದಿತ್ತು.

ಅದೇ 1837ರ ಮಾರ್ಚ್ 3ರಂದು, ಗುಲಾಮಗಿರಿ ಅನ್ಯಾಯ ಮತ್ತು ಕೆಟ್ಟ ನೀತಿಯ ಮೇಲೆ ನಿಂತಿದೆ ಎಂದು ಆ ಸಭೆಯ ದಾಖಲೆಯಲ್ಲಿ ಬರೆಸಿದವರು ಇಬ್ಬರೇ ಸದಸ್ಯರು: ಡ್ಯಾನ್ ಸ್ಟೋನ್ ಮತ್ತು ಲಿಂಕನ್. ಪಟ್ಟಿಯಲ್ಲಿ ಇದೂ ಇಲ್ಲ.

– ಓದುಗ, ಧಾರವಾಡ